ಪಾತ್ರೆ ಬದಲಿಸುವಾಗ ಚೆಲ್ಲಿದ್ದು

ನಾಲ್ಕನೆಯ ಪ್ರಶ್ನೆಗೆ ಒಂದು ಚೆಲುವಾದ ಸಾಲು ಬೇಕಾಗಿತ್ತು. ಚೆಲುವಾದ ಸಾಲುಗಳಿಗೆ ಹೋಲ್ಗರನ ಬಳಿ ಬರವಿರಲಿಲ್ಲ; ಎಲ್ಲವೂ ಅವನೇ ಬರೆದವು, ಅವನೇ ಕಟ್ಟಿದ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಮೊದಲ ವರ್ಷದ ಮಕ್ಕಳ ಪರೀಕ್ಷೆ ಹತ್ತಿರ ಬಂದಿತ್ತು, ಮೂರು ಪ್ರಶ್ನೆ ತಯಾರಾಗಿದ್ದವು, ಕಿಟಕಿಯಾಚೆ ಗೋಥೆನ್‌ಬರ್ಗಿನ ಮಳೆ ಬೀಳಬೇಕೋ ಬೇಡವೋ ಎಂದು ಸಭೆ ಕರೆದು ಚರ್ಚಿಸುತ್ತಿರುವಂತೆ ಜಿನುಗುತ್ತಿತ್ತು. ನಾಲ್ಕನೆಯದು ಯಾವಾಗಲೂ ಅವನ ಪ್ರೀತಿಯ ಪಾಠದ ಮೇಲೆ: ಒಂದು ಬಗೆಯ ಸಂಗ್ರಹವನ್ನು ಇನ್ನೊಂದು ಬಗೆಗೆ ಬದಲಿಸುವುದು, ಪಟ್ಟಿಯನ್ನು ಗಣವಾಗಿಸುವುದು, ಗಣವನ್ನು ಪಟ್ಟಿಯಾಗಿಸುವುದು. ಪಟ್ಟಿಗೆ ಕ್ರಮವಿದೆ, ಒಂದೇ ವಸ್ತು ಅದರಲ್ಲಿ ನೂರು ಸಲ ಬರಬಹುದು. ಗಣಕ್ಕೆ ಕ್ರಮವಿಲ್ಲ, ಯಾವ ವಸ್ತುವೂ ಅದರಲ್ಲಿ ಒಂದೇ ಸಲ. "ಪಾತ್ರೆ ಬದಲಿಸುವ ಮೊದಲು ಏನು ಚೆಲ್ಲುತ್ತದೆ ಎಂದು ಕೇಳಿಕೊಳ್ಳಿ" ಎಂದು ಅವನು ಪ್ರತಿವರ್ಷ ಹೇಳಿ, ಮಾತು ಇಳಿಯಲಿ ಎಂದು ಸ್ವಲ್ಪ ಸುಮ್ಮನಿದ್ದು, ಹಿಂದಿನ ಬೆಂಚಿನ ಕಡೆ ನೋಡುತ್ತಿದ್ದ. ಹಿಂದಿನ ಬೆಂಚು ಫೋನು ನೋಡುತ್ತಿತ್ತು. ಆದರೂ ಮಾತು ಚೆನ್ನಾಗಿತ್ತು. ಒಂದು ವರ್ಷ ಯಾರೋ ಅದನ್ನು ಕಾಫಿ ಬಟ್ಟಲಿನ ಮೇಲೆ ಅಚ್ಚು ಹಾಕಿಸಿ ಅವನಿಗೆ ಕೊಟ್ಟಿದ್ದರು. ಆ ಬಟ್ಟಲು ಈಗ ಮೇಜಿನ ಮೇಲಿತ್ತು. ಅದಕ್ಕೆ ಸಣ್ಣದೊಂದು ಬಿರುಕು ಇದ್ದುದರಿಂದ ಪೆನ್ಸಿಲು ಇಡಲು ಬಳಸುತ್ತಿದ್ದ.

ಸರಿಯಾದ ಕೆಲಸದ ಮಾದರಿಯೊಂದನ್ನು ಕೊಟ್ಟು, ಅದೇಕೆ ಸರಿ ಎಂದು ಕೇಳೋಣ ಅನ್ನಿಸಿತು. ವಿಭಾಗದ ಮತದಾನದ ಪ್ರೋಗ್ರಾಮು ನೆನಪಾಯಿತು. ಅದನ್ನೂ ಅವನೇ ಬರೆದದ್ದು, ಒಂದು ಭಾನುವಾರ, ಒಂದೇ ಸಾಲಿನಲ್ಲಿ. ವಿಭಾಗದ ಮಂದಿ ಫೋನಿನಲ್ಲಿ ಗುಂಡಿ ಒತ್ತಿದರೆ ಪರ, ವಿರೋಧ ಅಥವಾ ಸಮ ಎಂದು ಗೋಡೆಯ ಪರದೆಯ ಮೇಲೆ ಬರುತ್ತದೆ. ಅಂಕಿಗಳನ್ನು ತೋರಿಸಬಾರದು ಎಂದು ಹಟ ಹಿಡಿದವನೂ ಅವನೇ. ಸೋತವರು ಎಷ್ಟು ಕೆಟ್ಟದಾಗಿ ಸೋತರು ಎಂದು ಸಾರುವುದು ಅನಾಗರಿಕ ಎಂದಿದ್ದ. ಎಲ್ಲರೂ ಒಪ್ಪಿದ್ದರು. ಇಲ್ಲಿ ಎಲ್ಲರೂ ಎಲ್ಲವನ್ನೂ ಒಪ್ಪುತ್ತಾರೆ, ಆಮೇಲೆ ಅವರವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಅವನು ಆ ಸಾಲನ್ನು ತೆರೆದ, ಪ್ರಶ್ನೆಪತ್ರಿಕೆಗೆ ಅಂಟಿಸಿದ, ಮನೆಗೆ ಬಂದ ಅತಿಥಿ ಮಗುವಿನ ಫೋಟೋ ನೋಡಿ ಮೆಚ್ಚಲಿ ಎಂದು ಕಾಯುವ ತಂದೆಯ ಹಾಗೆ ಓದತೊಡಗಿದ. ಮೊದಲು ಮತಗಳ ಪಟ್ಟಿ ಗಣವಾಗುತ್ತದೆ, ಯಾರಾದರೂ ಗುಂಡಿಯನ್ನು ಎರಡು ಸಲ ಒತ್ತಿದ್ದರೆ ಒಂದೇ ಉಳಿಯಲಿ ಎಂದು, ಜಾಣತನ. ಆಮೇಲೆ ಪ್ರತಿ ಮತದಿಂದ ಹೆಸರನ್ನು ಕಿತ್ತು ಬರೀ ಪರ, ವಿರೋಧವನ್ನಷ್ಟೇ ಉಳಿಸಲಾಗುತ್ತದೆ, ಗುಟ್ಟು ಗುಟ್ಟಾಗಿರಲಿ ಎಂದು, ಸಜ್ಜನಿಕೆ. ಆಮೇಲೆ ಎಣಿಕೆ. ಇಲ್ಲಿ ಹೋಲ್ಗರ್ ಪೆನ್ಸಿಲನ್ನು ಕೆಳಗಿಟ್ಟ.

ಹೆಸರು ಕಿತ್ತ ಮೇಲೂ ಅದು ಗಣವೇ. ಗಣದಲ್ಲಿ ಎರಡು ‘ಪರ’ ಇರಲಾರವು. ಹತ್ತು ಜನ ಹೇಳಿದ ‘ಪರ’ ಒಂದರೊಳಗೊಂದು ಕರಗಿ ಒಂದಾಗುತ್ತದೆ, ಒಬ್ಬ ಹೇಳಿದ ‘ವಿರೋಧ’ ಇನ್ನೊಂದಾಗಿ ನಿಲ್ಲುತ್ತದೆ. ಆ ಕಡೆ ಒಂದು, ಈ ಕಡೆ ಒಂದು. ಸಮ. ಎಲ್ಲರೂ ಒಂದೇ ದನಿಯಲ್ಲಿ ಹೇಳಿದರೆ ಮಾತ್ರ ಉತ್ತರ ಸರಿ ಬರುತ್ತದೆ. ಒಬ್ಬನೇ ಒಬ್ಬ ಬೇರೆ ಹೇಳಿದರೂ ಆ ಒಬ್ಬನೇ ಅರ್ಧ ಸಭೆ. ಪ್ರತಿವರ್ಷ ಮಕ್ಕಳು ಮಾಡುವ ತಪ್ಪು, ಪ್ರತಿವರ್ಷ ಕೆಂಪು ಶಾಯಿಯಲ್ಲಿ ಅವನು ‘ಚೆಲ್ಲಿತು’ ಎಂದು ಪಕ್ಕದಲ್ಲಿ ಬರೆಯುವ ತಪ್ಪು. ಮೊದಲು ಭಾಷೆಯ ಮೇಲೆ ಸಂದೇಹ ಬಂತು, ಆಮೇಲೆ ಆ ಭಾನುವಾರದ ಮೇಲೆ, ಆಮೇಲೆ ಅಂದು ಊಟಕ್ಕೆ ಕರೆದು ಗಮನ ಕೆಡಿಸಿದ್ದ ತಂಗಿಯ ಮೇಲೆ. ಇಷ್ಟು ವರ್ಷ ಇಷ್ಟೆಲ್ಲ ಸಮ ಬಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲವೇ? ಆಗಲಿಲ್ಲ. ಯಾಕಾಗಬೇಕು. ಸಮ ಬಂದಾಗಲೆಲ್ಲ ಕೋಣೆಯಲ್ಲಿ ಒಂದು ನೆಮ್ಮದಿಯ ಉಸಿರು ಹರಡುತ್ತಿತ್ತು. ಎರಡೂ ಕಡೆಯವರಿಗೆ ಅರ್ಧ ಜನ ನಮ್ಮ ಜೊತೆಗಿದ್ದಾರೆ ಎಂಬ ತೃಪ್ತಿ. "ನೋಡು, ನಮ್ಮಲ್ಲಿ ಎಲ್ಲಾ ಥರದ ಅಭಿಪ್ರಾಯಕ್ಕೂ ಜಾಗ ಇದೆ" ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು. ವಿಭಾಗದ ಮುಖ್ಯಸ್ಥ ಲೆನ್ನಾರ್ಟನಿಗಂತೂ ಹಬ್ಬ. ಸಮ ಬಂದರೆ ತೀರ್ಮಾನ ಮುಖ್ಯಸ್ಥನದು. ಮಾತಿನಲ್ಲಿ ಮಾತು ಜೋಡಿಸಿ ನಗಿಸುವ ಈ ಊರಿನ ಚಟ ಅವನಿಗೆ ಚೆನ್ನಾಗಿಯೇ ಹತ್ತಿತ್ತು: "ಸಮ ಆದ್ರೆ ಸಮಸ್ಯೆ ನಂದು" ಎಂದು ಪ್ರತಿಸಲ ಹೇಳುತ್ತಿದ್ದ, ಪ್ರತಿಸಲ ಎಲ್ಲರೂ ನಗುತ್ತಿದ್ದರು, ಪ್ರತಿಸಲ ಮೊದಲ ಸಲ ಕೇಳಿದವರ ಹಾಗೆ.

ಒಂದು ಪದ ಸೇರಿಸಿದರೆ ಸರಿಹೋಗುತ್ತಿತ್ತು: ಹೆಸರು ಕೀಳುವ ಮೊದಲು ಗಣವನ್ನು ಮತ್ತೆ ಪಟ್ಟಿಯಾಗಿಸು. ಅವನು ತನ್ನ ಕಂಪ್ಯೂಟರಿನಲ್ಲಿದ್ದ ಪ್ರತಿಯಲ್ಲಿ ಆ ಪದ ಸೇರಿಸಿದ. ಹಳೆಯ ಮತಗಳೆಲ್ಲ ಹಾಗೇ ಉಳಿದಿದ್ದವು. ಯಾವುದನ್ನು ಮತ್ತೆ ಎಣಿಸಬೇಕೆಂದು ಅವನಿಗೆ ಗೊತ್ತಿತ್ತು, ಎಣಿಸಬಾರದೆಂದೂ ಗೊತ್ತಿತ್ತು. ಮೊದಲ ವರ್ಷದ ಮಕ್ಕಳಿಗೆ ಹೋಲ್ಗರನ ಭಾಷೆ ಬೇಡ, ಹೊರಗೆ ಜನ ಬಳಸುವ ಯಾವುದಾದರೂ ಭಾಷೆ ಕಲಿಸೋಣ ಎಂದು ಇಂಗೆಲಾ ಮೂರು ವರ್ಷದಲ್ಲಿ ಮೂರು ಸಲ ಪ್ರಸ್ತಾವ ತಂದಿದ್ದಳು. ಮೂರು ಸಲವೂ ಸಮ. ಮೂರು ಸಲವೂ ಲೆನ್ನಾರ್ಟ್ ಸಮಸ್ಯೆಯನ್ನು ತನ್ನದಾಗಿಸಿಕೊಂಡು, ಇದ್ದದ್ದು ಇರಲಿ ಎಂದಿದ್ದ. ಇಂಗೆಲಾ ಹೋಲ್ಗರನ ಕೈಕೆಳಗೆ ಡಾಕ್ಟರೇಟ್ ಮಾಡಿದ ಮೊದಲನೆಯವಳು; ಅವಳ ಕರಡಿನ ಅಂಚಿನಲ್ಲಿ ಅವನು ಎಷ್ಟೊಂದು ಕೆಂಪು ಶಾಯಿ ಸುರಿದಿದ್ದನೆಂದರೆ ಹಾಳೆಗಳು ಸೊಟ್ಟಗಾಗಿದ್ದವು. ಮೂರನೆಯ ಸಮ ಬಂದ ದಿನ ಅವಳು ಪರದೆಯನ್ನು ನೋಡುತ್ತ ತನ್ನ ಉಂಗುರವನ್ನು ಬೆರಳಿನಲ್ಲಿ ತಿರುಗಿಸಿ, "ಅರ್ಧ ಜನಕ್ಕೆ ಬೇಡ ಅಂದ್ಮೇಲೆ ನಾನು ಯಾರ ತಲೆ ತಿನ್ನಲಿ" ಎಂದು ರಾಜೀನಾಮೆ ಕೊಟ್ಟಿದ್ದಳು. ಹಡಗಿನ ರೇಡಾರು ಮಾಡುವ ಕಂಪನಿಯೊಂದು ಅವಳನ್ನು ಕರೆದಿತ್ತು. ಇಂದು ಅವಳ ಕೊನೆಯ ದಿನ, ಮಧ್ಯಾಹ್ನ ಬೀಳ್ಕೊಡುಗೆಯ ಕೇಕು. ರಾಜೀನಾಮೆಗೆ ಲೆನ್ನಾರ್ಟ್ ಇನ್ನೂ ಸಹಿ ಹಾಕಿರಲಿಲ್ಲ. ಸಂಜೆ ಹಾಕ್ತೀನಿ, ಅಷ್ಟರಲ್ಲಿ ಮನಸ್ಸು ಬದಲಾದ್ರೆ ಹೇಳು ಎಂದು ಅವಳಿಗೆ ಹೇಳಿದ್ದನಂತೆ. ಹೋಲ್ಗರ್ ಎಣಿಸಿದ. ಮೊದಲ ವರ್ಷ ಪರ ಹತ್ತೊಂಬತ್ತಕ್ಕೆ ವಿರೋಧ ನಾಲ್ಕು. ಎರಡನೆಯದು ಇಪ್ಪತ್ತೊಂದಕ್ಕೆ ಎರಡು. ಕೊನೆಯದು ಇಪ್ಪತ್ತೆರಡಕ್ಕೆ ಒಂದು. ಆ ಒಂದು ಯಾರದೆಂದು ಹೆಸರು ನೋಡುವ ಅಗತ್ಯ ಬೀಳಲಿಲ್ಲ.

ಅಂದರೆ ಲೆನ್ನಾರ್ಟನೂ. ಫೋನು ಹಿಡಿದಾಗ ಇಂಗೆಲಾಳ ಪರ ಒತ್ತಿ, ಸಮ ಎಂದು ಕಂಡೊಡನೆ ಬಾಯಲ್ಲಿ ಹೋಲ್ಗರನ ಪರ. ಅದಕ್ಕೇನು ಹೆಸರು? ಕರುಣೆ ಎಂಬ ಪದ ಬಂತು. ಅವನು ಅದನ್ನು ಆಚೆಗೆ ತಳ್ಳಿದ, ಅದು ಮತ್ತೆ ಬಂದು ಕೂತಿತು. ಕಳೆದ ಚಳಿಗಾಲದಲ್ಲಿ ಕಾರಿಡಾರಿನಲ್ಲಿ ಲೆನ್ನಾರ್ಟ್ ಅವನ ಭುಜದ ಮೇಲೆ ಕೈಯಿಟ್ಟು "ನಿನ್ನ ಕೋರ್ಸು ನಮ್ಮ ಮನೆಯ ಅಜ್ಜಿ ಗಡಿಯಾರ ಇದ್ದ ಹಾಗೆ ಕಣಯ್ಯ" ಎಂದಿದ್ದ. ಹೋಲ್ಗರ್ ಆ ಮಾತನ್ನು ಮೆಚ್ಚುಗೆ ಎಂದುಕೊಂಡು ಮನೆಗೊಯ್ದಿದ್ದ. ಅಜ್ಜಿ ಗಡಿಯಾರವನ್ನು ಯಾರೂ ಗಂಟೆ ನೋಡಲು ಇಟ್ಟುಕೊಳ್ಳುವುದಿಲ್ಲ ಎಂದು ಈಗ ಹೊಳೆಯಿತು. ಮೊದಲ ವರ್ಷ ವಿರೋಧ ಒತ್ತಿದ ಉಳಿದ ಮೂವರು ಯಾರಿರಬಹುದು? ಎದುರು ಕೋಣೆಯ ರೂನೆ ಇರಬಹುದು, ಅವನು ಯಾವಾಗಲೂ ಹೊಗಳುತ್ತಾನೆ. ಆದರೆ ರೂನೆ ಕ್ಯಾಂಟೀನಿನ ಬಟಾಣಿ ಸೂಪನ್ನೂ ಹೊಗಳುತ್ತಾನೆ. ಎರಡನೆಯ ವರ್ಷದ ಹೊತ್ತಿಗೆ ಉಳಿದ ಆ ಇನ್ನೊಬ್ಬ ಯಾರು, ಯಾಕೆ ಬಿಟ್ಟುಹೋದ? ಯಾವ ದಿನ, ಯಾವ ಮಾತಿಗೆ? ಬಿಟ್ಟುಹೋದ ಆ ಅಪರಿಚಿತನ ಮೇಲೆ, ಉಳಿದ ಇಪ್ಪತ್ತೊಂದು ಜನರ ಮೇಲೂ ಹುಟ್ಟದ ಸಿಟ್ಟು ಹುಟ್ಟಿತು. ಈ ತಪ್ಪು ಯಾರನ್ನು ಇಷ್ಟು ದಿನ ಸಾಕಿತು ಎಂದು ಯೋಚಿಸಲು ಅವನು ಅವಸರಪಡಲಿಲ್ಲ.

ಬಾಗಿಲು ತಟ್ಟಿ ಇಂಗೆಲಾ ಒಳಗೆ ಬಂದಳು. ಕೈಯಲ್ಲಿ ಕುಂಡ, ಕುಂಡದಲ್ಲಿ ಸಾಯಲೂ ಮನಸ್ಸಿಲ್ಲದ, ಬದುಕಲೂ ಮನಸ್ಸಿಲ್ಲದ ಗಿಡ.

"ಇದನ್ನ ನೀನೇ ಇಟ್ಕೋ. ನನ್ನ ಹೊಸ ಆಫೀಸಲ್ಲಿ ಕಿಟಕಿ ಇಲ್ವಂತೆ."

"ನನ್ನ ಕೈಲಿ ಸಾಯತ್ತೆ."

"ಸಾಯಲ್ಲ. ಏನೂ ಬದಲಾಯಿಸದೇ ಇದ್ರೆ ಸಾಕು ಅದಕ್ಕೆ. ನಿಂಗೆ ಅದು ಬರತ್ತಲ್ಲ." ಅವಳು ನಕ್ಕಳು. "ಪ್ರಶ್ನೆಪತ್ರಿಕೆ ಎಲ್ಲಿ? ಹೋಗೋ ಮುಂಚೆ ಓದಿ ಕೊಡ್ತೀನಿ."

ಇಲ್ಲಿ ಪ್ರತಿ ಪ್ರಶ್ನೆಪತ್ರಿಕೆಯನ್ನೂ ಇನ್ನೊಬ್ಬರು ಓದಿ ಒಪ್ಪಬೇಕು. ಹೋಲ್ಗರನ ಪತ್ರಿಕೆಯ ಎರಡನೆಯ ಕಣ್ಣು ಎಷ್ಟೋ ವರ್ಷದಿಂದ ಇಂಗೆಲಾಳದು. ಅವನು ಪರದೆಯನ್ನು ಸ್ವಲ್ಪ ಆಚೆ ತಿರುಗಿಸಿದ. "ನಾಲ್ಕನೇದು ಇನ್ನೂ ಆಗಿಲ್ಲ."

ಅವಳು ಹೋಗಲಿಲ್ಲ. ಕುರ್ಚಿಯ ಬೆನ್ನಿಗೆ ಒರಗಿ ನಿಂತು, ಬಟ್ಟಲಿನಲ್ಲಿದ್ದ ಪೆನ್ಸಿಲುಗಳನ್ನು ಒಂದೊಂದಾಗಿ ಮೊನೆ ಮೇಲಾಗಿಸಿದಳು. "ಒಂದು ಮಾತು ಕೇಳ್ತೀನಿ, ನಗಬೇಡ. ಈ ವಾರ ಒಬ್ಬೊಬ್ಬರಾಗಿ ಬಂದ್ರು. ರೂನೆ ಬಂದ, ಆಫೀಸಿನ ಮೋನಾ ಬಂದ್ಲು, ಸುಮಾರು ಎಲ್ಲಾರೂ. ‘ಇಂಗೆಲಾ, ನಾನಂತೂ ನಿನ್ನ ಪರಾನೇ ಹಾಕಿದ್ದೆ’ ಅಂತ. ಎಲ್ಲಾರೂ ನನ್ನ ಪರ ಹಾಕಿದ್ರೆ ಸಮ ಹೆಂಗೆ ಬರತ್ತೆ? ಅರ್ಧ ಜನ ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದಾರೆ. ಯಾವ ಅರ್ಧ ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಎಲ್ಲಾರ ಮೇಲೂ ಅಸಹ್ಯ ಬಂದ್ಬಿಡ್ತು." ಕೊನೆಯ ಪೆನ್ಸಿಲನ್ನೂ ನೆಟ್ಟಗಾಗಿಸಿ ಸೇರಿಸಿದಳು: "ನೀನೊಬ್ನೇ ಬಂದು ಹಂಗೆ ಹೇಳ್ಲಿಲ್ಲ ನೋಡು. ಈ ಕಟ್ಟಡದಲ್ಲಿ ಸುಳ್ಳು ಹೇಳದವನು ನೀನೊಬ್ಬ."

ಹೋಲ್ಗರ್ ಗಿಡವನ್ನು ನೋಡಿದ. ಹೇಳಬೇಕಾದ ವಾಕ್ಯ ಚಿಕ್ಕದು. ಇಂಗೆಲಾ, ನಾನು ಗಣವನ್ನು ಎಣಿಸಿದೆ. ಅಷ್ಟು ಹೇಳಿದರೆ ಉಳಿದದ್ದು ಅವಳಿಗೆ ಅವನಿಗಿಂತ ಬೇಗ ತಿಳಿಯುತ್ತದೆ. ಅವಳು ಉಳಿಯುತ್ತಾಳೆ, ಅವನ ಭಾಷೆ ಹೋಗುತ್ತದೆ, ಹೋಗಲಿ, ಅದಲ್ಲ. ಇಪ್ಪತ್ತೆರಡಕ್ಕೆ ಒಂದು ಎಂಬುದನ್ನು ಕ್ಯಾಂಟೀನಿನಲ್ಲಿ ಟ್ರೇ ಹಿಡಿದು ಜಾಗ ಹುಡುಕುವಾಗ ಮುಖದ ಮೇಲೆ ಹೊತ್ತುಕೊಂಡು ತಿರುಗಬೇಕು. ಅದಕ್ಕಿಂತಲೂ ಕೆಟ್ಟದ್ದು, ಆ ತಪ್ಪು. ತನ್ನ ನಂಬಿಕೆಗೆ ಅಂಟಿಕೊಂಡ ಮನುಷ್ಯನೆಂದರೆ ಜನ ಸಹಿಸುತ್ತಾರೆ, ಕುತಂತ್ರಿ ಎಂದರೂ ಒಂದು ಗೌರವ ಇರುತ್ತದೆ. ಮೊದಲ ವರ್ಷದ ಹುಡುಗ ಮಾಡುವ ತಪ್ಪನ್ನು ಮಾಡಿದವನು ಎಂದರೆ ನಗುತ್ತಾರೆ, ಅದೂ ಇಲ್ಲಿನ ರೀತಿಯಲ್ಲಿ, ನಗದೆಯೇ.

"ಪತ್ರಿಕೆ ಸಂಜೆ ಕಳಿಸ್ತೀನಿ" ಎಂದ.

ಕೇಕಿನ ಮೇಲೆ ಹಸಿರು ಬಾದಾಮಿ ಹಿಟ್ಟಿನ ಹೊದಿಕೆ, ಅದರ ಮೇಲೊಂದು ಗುಲಾಬಿ. ಮೋನಾ ಚಾಕು ಹಿಡಿದು ನಿಂತಿದ್ದಳು, ಎಲ್ಲರೂ ತೆಳ್ಳನೆಯ ತುಂಡನ್ನೇ ಕೇಳುತ್ತಿದ್ದರು. ಲೆನ್ನಾರ್ಟ್ ಭಾಷಣ ಮಾಡಿದ: ಇಂಗೆಲಾ ಹಡಗಿನವರ ಪಾಲಾದಳು, ನಾವು ದಡದಲ್ಲೇ ಉಳಿದ ಗಡವರು ಎಂದ. ಗಡವ ಎಂದರೆ ಏನೆಂದು ಯಾರೂ ಕೇಳಲಿಲ್ಲ, ಎಲ್ಲರೂ ನಕ್ಕರು. ಒಬ್ಬೊಬ್ಬರೂ ಎದ್ದು, ನೀನಿಲ್ಲದೆ ಬಿಕೋ ಅನ್ನತ್ತೆ ಎಂದರು. ಇಂಗೆಲಾ ಪ್ರತಿಯೊಬ್ಬರಿಗೂ ಒಂದೇ ಅಳತೆಯ ಮುಗುಳ್ನಗೆ ಕೊಟ್ಟಳು. ಆ ಮುಗುಳ್ನಗೆಯ ಅರ್ಥ ಗೊತ್ತಿದ್ದವನು ಕೋಣೆಯಲ್ಲಿ ಹೋಲ್ಗರ್ ಒಬ್ಬನೇ. ಯಾವ ಅರ್ಧ, ಯಾವ ಅರ್ಧ ಎಂದು ಅವಳು ತಟ್ಟೆಯ ಮೇಲಿಂದ ಒಂದೊಂದೇ ಮುಖ ನೋಡುತ್ತಿದ್ದಳು. ರೂನೆ ಕಣ್ಣೊರೆಸಿಕೊಂಡಾಗ ಅವಳು ಮುಖ ತಿರುಗಿಸಿದಳು. ಅದನ್ನು ನೋಡಿದಾಗ ಹೋಲ್ಗರ್ ಎದ್ದುನಿಂತಿದ್ದ.

"ಹೋದ ಸಲದ ಮತದ ಬಗ್ಗೆ" ಎಂದ. "ಎಣಿಕೇಲಿ ನಂಗೊಂದು ಅನುಮಾನ ಇದೆ. ಹಳೇ ಮತ ತೆಗೆದು ನೋಡಿದ್ರೆ ಒಳ್ಳೇದು."

ಚಮಚಗಳು ನಿಂತವು. "ಇವತ್ತು ಇಂಗೆಲಾ ದಿನ ಅಲ್ವಾ" ಎಂದು ಮೋನಾ ಮೆಲ್ಲಗೆ ಹೇಳಿದಳು, ಮಕ್ಕಳಿಗೆ ಹೇಳುವ ಹಾಗೆ.

ಲೆನ್ನಾರ್ಟ್ ಅವನ ಕಡೆ ನೋಡಿದ. ಅದೇ ನೋಟ, ಗಡಿಯಾರದ ನೋಟ. "ನೀನು ಅವಳಿಗೋಸ್ಕರ ಇದನ್ನ ಹೇಳ್ತಿರೋದು ದೊಡ್ಡ ಮನಸ್ಸು ಕಣಯ್ಯ. ಆದ್ರೆ ಅದು ಗುಟ್ಟಿನ ಮತ. ತೆಗೀಬೇಕಾದ್ರೆ ಎಲ್ಲಾರನ್ನೂ ಕೇಳ್ಬೇಕು. ಕೇಳೋಣ, ತೊಂದ್ರೆ ಏನು? ಫೋನು ತಗೊಳ್ಳಿ ಎಲ್ಲಾ."

ಆ ಪ್ರೋಗ್ರಾಮೇ ಕೆಟ್ಟಿದೆ ಎಂದು ಹೇಳಲು ಇದ್ದ ಸಮಯ ಒಂದು ಚಮಚ ಕೇಕು ನುಂಗುವಷ್ಟು. ಅವನು ಕೇಕು ನುಂಗಿದ. ಅಷ್ಟರಲ್ಲಿ ಫೋನುಗಳು ಹೊರಬಂದಿದ್ದವು, ಹಳೆಯ ಮತಗಳನ್ನು ತೆರೆಯಬೇಕೆ ಎಂಬ ಪ್ರಶ್ನೆ ಅವನ ಅಂಗೈಯಲ್ಲೂ ಬೆಳಗುತ್ತಿತ್ತು. ಸುತ್ತ ತಲೆಗಳು ಒಪ್ಪಿಗೆಯಲ್ಲಿ ಆಡುತ್ತಿದ್ದವು. ತಿದ್ದಿದ ಪ್ರತಿ ಅವನ ಕೋಣೆಯಲ್ಲಿತ್ತು. ಇಲ್ಲಿ ನಡೆಯುತ್ತಿದ್ದುದು ಹಳೆಯ ಭಾನುವಾರದ ಸಾಲು. ಒಂದು ಬೇಡ ಬಿದ್ದರೆ ಸಾಕು, ಸಮ. ಸಮವಾದರೆ ಲೆನ್ನಾರ್ಟ್, ಲೆನ್ನಾರ್ಟನೆಂದರೆ ಇದ್ದದ್ದು ಇರಲಿ. ಒಬ್ಬನ ಹೆಬ್ಬೆರಳಿನ ತೂಕ ಎಷ್ಟೆಂದು ಬಲ್ಲ ಒಬ್ಬನೇ ಒಬ್ಬ ಈ ಕೋಣೆಯಲ್ಲಿದ್ದಾನೆ. ಅವನು ಹೌದು ಒತ್ತಬೇಕೆಂದೇ ಇದ್ದ. ಆದರೆ ಇಷ್ಟು ಜನರಲ್ಲಿ ಯಾರಾದರೊಬ್ಬರು ಬೇಡ ಎನ್ನದೆ ಇರುತ್ತಾರೆಯೇ? ಹಾಗಾದರೆ ತನ್ನ ಹೌದಿನಿಂದ ಏನೂ ಆಗದು. ಹೌದಿನಿಂದ ಏನೂ ಆಗದಿದ್ದರೆ ಬೇಡದಿಂದಲೂ ಏನೂ ಆಗದು. ತರ್ಕದಲ್ಲಿ ಬಿರುಕಿರಲಿಲ್ಲ, ತಿಳಿಯಾದ, ವಿದ್ಯಾವಂತ ತರ್ಕ, ಬಟ್ಟಲಿನ ಮೇಲೆ ಅಚ್ಚು ಹಾಕಿಸಬಹುದಾದದ್ದು. ಅವನ ಹೆಬ್ಬೆರಳು ಬೇಡವನ್ನು ಒತ್ತಿತು.

ಗೋಡೆಯ ಪರದೆಯ ಮೇಲೆ ‘ಸಮ’ ಎಂದು ಬಂತು.

"ಸಮ ಆದ್ರೆ ಸಮಸ್ಯೆ ನಂದು" ಎಂದ ಲೆನ್ನಾರ್ಟ್. ನಗು ಎದ್ದಿತು, ನೆಮ್ಮದಿಯ ಉಸಿರು ಹರಡಿತು. ಹಳೇದು ಹಳೇದಾಗೇ ಇರ್ಲಿ, ಕಾಫಿ ಯಾರಿಗೆ ಬೇಕು ಎಂದ. ಕೇಕಿನ ಕೊನೆಯ ತುಂಡು ತಟ್ಟೆಯಲ್ಲಿ ಉಳಿದಿತ್ತು. ಕೊನೆಯದನ್ನು ಇಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ. ಮೋನಾ ಅದರಲ್ಲಿ ಅರ್ಧ ತೆಗೆದುಕೊಂಡಳು, ರೂನೆ ಉಳಿದದ್ದರಲ್ಲಿ ಅರ್ಧ, ಇನ್ಯಾರೋ ಅದರಲ್ಲೂ ಅರ್ಧ. ಕಡೆಗೆ ಗುಲಾಬಿಯ ಒಂದು ಎಸಳು ತನ್ನ ಸಣ್ಣ ಹಸಿರು ನೆಲದ ಮೇಲೆ ಒಂಟಿಯಾಗಿ ನಿಂತಿತ್ತು.

ಇಂಗೆಲಾ ಸಿಂಕಿನ ಬಳಿ ತನ್ನ ಬಟ್ಟಲನ್ನು ತೊಳೆಯುತ್ತಿದ್ದಳು. "ನಾಲ್ಕನೇ ಸಲ" ಎಂದಳು ಅವನಿಗೆ ಮಾತ್ರ ಕೇಳುವಂತೆ. "ಎಲ್ಲಾ ತಲೆ ಆಡಿಸಿದ್ರು, ನೋಡಿದ್ಯಲ್ಲ? ತಲೆ ಆಡಿಸ್ತಾನೇ ಅರ್ಧ ಜನ ಬೇಡ ಒತ್ತಿದಾರೆ. ಹೋಗ್ತಿರೋದೇ ಸರಿ ಅಂತ ಈಗ ಗಟ್ಟಿಯಾಯ್ತು." ಒದ್ದೆ ಕೈಯನ್ನು ಅವನ ತೋಳಿನ ಮೇಲಿಟ್ಟಳು. "ನೀನು ಕೇಳಿದ್ಯಲ್ಲ, ಅದು ಸಾಕು ನಂಗೆ."

ತೋಳಿನ ಮೇಲಿನ ಒದ್ದೆ ಗುರುತು ಕೋಣೆಗೆ ಬಂದು ಕೂತಾಗಲೂ ಆರಿರಲಿಲ್ಲ. ಗಿಡ ಇತ್ತು. ಪ್ರಶ್ನೆಪತ್ರಿಕೆ ಇತ್ತು, ನಾಲ್ಕನೆಯ ಪ್ರಶ್ನೆಯ ಜಾಗದಲ್ಲಿ ಆ ಸಾಲು ತಿದ್ದದೆ ಹಾಗೇ ಇತ್ತು. ಅದನ್ನು ಅಳಿಸಿ, ಎಂದಿನ ಗೋಲಿ ಮತ್ತು ಚೀಲದ ಪ್ರಶ್ನೆ ಹಾಕಬಹುದಿತ್ತು. ಗೋಲಿಗಳ ಬಗ್ಗೆ ಯಾರಿಗೂ ಅಸಹ್ಯವಿಲ್ಲ. ಕಾರಿಡಾರಿನ ಆ ತುದಿಯಲ್ಲಿ ಇಂಗೆಲಾ ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕುವ ಸದ್ದು ಕೇಳುತ್ತಿತ್ತು. ಅಲ್ಲಿಯವರೆಗೆ ನಡೆದುಹೋಗುವ ಧೈರ್ಯ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದನ್ನು ತಿಳಿದುಕೊಳ್ಳಲು ಯಾವ ಎಣಿಕೆಯೂ ಬೇಕಿರಲಿಲ್ಲ. ಅವನಿಗೆ ಗೊತ್ತಿದ್ದುದು ಒಂದೇ ಮಾತಿನ ರೀತಿ. ಸಾಲಿನ ಕೆಳಗೆ ಬರೆದ: ‘ಇಪ್ಪತ್ತೆರಡು ಜನ ಪರ, ಒಬ್ಬ ವಿರೋಧ ಎಂದರೆ ಈ ಸಾಲು ಏನು ಹೇಳುತ್ತದೆ? ಏನು ಚೆಲ್ಲಿತು? ಹತ್ತು ಅಂಕ.’ ಅದಕ್ಕಿಂತ ಹೆಚ್ಚು ಏನನ್ನಾದರೂ ಬರೆದರೆ ಅಳಿಸಿಬಿಡುತ್ತೇನೆಂದು ಹೆದರಿ, ಎರಡನೆಯ ಕಣ್ಣಿಗೆ ಕಳುಹಿಸಿದ.

ಪೆಟ್ಟಿಗೆಯ ಸದ್ದು ನಿಂತಿತು.

ಟ್ರಾಮು ತಿರುವಿನಲ್ಲಿ ಕಿರುಗುಟ್ಟಿ ಹೋಯಿತು. ಆಮೇಲೆ ಪರದೆಯ ಮೇಲೆ ಅವಳ ಉತ್ತರ ಬಂತು: ‘ಸಮ ಅಂತ ಹೇಳತ್ತೆ.’ ಅದರ ಬೆನ್ನಿಗೇ ಇನ್ನೊಂದು: ‘ಅಂಕ ಜಾಸ್ತಿ ಆಯ್ತು. ಇದು ಎಲ್ಲಾರಿಗೂ ಗೊತ್ತಿರೋದು. ರೂಮಲ್ಲೇ ಇರು.’

ಅವನು ರೂಮಲ್ಲೇ ಇದ್ದ. ದೂರದಲ್ಲಿ ಒಂದು ಬಾಗಿಲು ತೆರೆಯಿತು, ಹೆಜ್ಜೆ ಕೇಳಿತು. ಹೆಜ್ಜೆಗಳು ನೇರ ಇತ್ತ ಬರಲಿಲ್ಲ. ಅವಳ ಪಕ್ಕದ ಕೋಣೆಯ ಬಾಗಿಲು ತಟ್ಟಿದ ಸದ್ದು.

"ಇನ್ನೊಂದ್ಸಲ ಹೇಳು. ಆವತ್ತು ಏನು ಹಾಕಿದ್ದೆ?"

"ಹೇಳಿದ್ನಲ್ಲೇ, ನಿನ್ನ ಪರ" ಎಂದಿತು ಮೋನಾಳ ಧ್ವನಿ. "ಯಾಕೆ, ಏನಾಯ್ತು?"

"ಏನಿಲ್ಲ. ಈಗ ನಂಬ್ತೀನಿ."

ಅದರ ಪಕ್ಕದ ಬಾಗಿಲು. ನಿನ್ನ ಪರ. ನಂಬ್ತೀನಿ. ಅದರ ಪಕ್ಕದ್ದು. ಒಂದನ್ನೂ ಬಿಡದೆ, ಕಾರಿಡಾರಿನ ಕ್ರಮದಲ್ಲೇ ಅವಳು ಬರುತ್ತಿದ್ದಳು. ಒಂದೇ ಉತ್ತರ ಮತ್ತೆ ಮತ್ತೆ ಬರುತ್ತಿತ್ತು, ಬೇರೆ ಬೇರೆ ಗಂಟಲಿನಲ್ಲಿ, ಒಂದು ನಗುತ್ತ, ಒಂದು ನೊಂದುಕೊಂಡು; ಯಾವುದೂ ಇನ್ನೊಂದರೊಳಗೆ ಕರಗಿಹೋಗುತ್ತಿರಲಿಲ್ಲ. ಲೆನ್ನಾರ್ಟನ ಬಾಗಿಲಿನಲ್ಲಿ ಮಾತು ಸ್ವಲ್ಪ ತಡವಾಯಿತು, ಆಮೇಲೆ ತಗ್ಗಿದ ದನಿಯಲ್ಲಿ, ಶ್ಲೇಷೆಯಿಲ್ಲದೆ, ನಿನ್ನ ಪರ. ಅದಾದ ಮೇಲೆ ಅವಳು ಏನೋ ಹೇಳಿದಳು, ಲೆನ್ನಾರ್ಟ್ "ಹರಿದು ಹಾಕ್ಲಾ?" ಎಂದ. ಉತ್ತರ ಹೋಲ್ಗರನಿಗೆ ಕೇಳಿಸಲಿಲ್ಲ. ಕಾಗದ ಹರಿದ ಸದ್ದು ಕೇಳಿಸಿತು. ಅವನು ಬಟ್ಟಲಿನಿಂದ ಪೆನ್ಸಿಲುಗಳನ್ನು ತೆಗೆದ, ಮತ್ತೆ ಒಳಗಿಟ್ಟ. ಎದುರು ಕೋಣೆಯ ರೂನೆ "ನಾನು ಅತ್ತಿದ್ದೂ ಸುಳ್ಳು ಅಂದ್ಕೊಂಡಿದ್ಯಾ?" ಎಂದ. ಅವಳು ಹೌದು, ಕ್ಷಮಿಸು ಎಂದಳು.

ಆಮೇಲೆ ಅವನ ಬಾಗಿಲು. ಅವಳು ಉಳಿದವಕ್ಕೆ ತಟ್ಟಿದಷ್ಟೇ ಮೆಲ್ಲಗೆ ಇದಕ್ಕೂ ತಟ್ಟಿದಳು.

"ಹೋಲ್ಗರ್" ಎಂದಳು ಹೊರಗಿನಿಂದ. "ಆವತ್ತಿಂದು ಗೊತ್ತು. ಇವತ್ತು ಏನು ಹಾಕ್ದೆ?"